ಮರಕ್ಕೆ ಯಾವ ಮದ್ದು? ಲಡ್ಡು (ಮರದ ಕೊಳೆತ), ಗೆದ್ದಲು, ಬೆಂಕಿಗೆ ಯಾವುದು ಎಲ್ಲಿ ಹೊಂದುತ್ತದೆ

ಅಂಗಡಿಗೆ ಹೋಗಿ "ಮರಕ್ಕೆ ಹೊಡೆಯುವ ಔಷಧಿ ಕೊಡಿ" ಅಂದರೆ ಒಂದು ಡಬ್ಬಿ ಕೈಗೆ ಬರುತ್ತದೆ. ಅದು ನಿಮ್ಮ ಮರಕ್ಕೆ ಸರಿಹೊಂದುತ್ತದೋ ಇಲ್ಲವೋ ಎಂಬುದು ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಮರ ಎಲ್ಲಿ ನಿಲ್ಲುತ್ತದೆ: ಮಣ್ಣಲ್ಲೋ, ಮಳೆಯಲ್ಲೋ, ಸೂರಿನಡಿಯಲ್ಲೋ? ಯಾವ ಮರ, ಅದರಲ್ಲಿ ಕೆಚ್ಚು (ಒಳಗಿನ ಗಟ್ಟಿ ಭಾಗ) ಎಷ್ಟು, ಹೊರಗಿನ ಬಿಳಿ ಎಷ್ಟು? ಮದ್ದು ಒಳಗೆ ಎಷ್ಟು ಇಳಿಯುತ್ತದೆ? ಮೊದಲೆರಡನ್ನು ಒಳ್ಳೆಯ ಆಚಾರಿಗಳು ಕೇಳುತ್ತಾರೆ. ಮೂರನೆಯದನ್ನು ಕೇಳುವವರು ಕಡಿಮೆ, ಹಣ ಹೆಚ್ಚು ಪೋಲಾಗುವುದೂ ಅಲ್ಲೇ.

ಮರವನ್ನು ಹಾಳುಮಾಡುವವರು ಯಾರು

ಮರ ಲಡ್ಡಾಗುವುದು ಶಿಲೀಂಧ್ರದಿಂದ. ಅದಕ್ಕೆ ತೇವ ಬೇಕು, ಗಾಳಿಯೂ ಬೇಕು. ಮರದ ತೇವಾಂಶ 20%ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. 28-30% ದಾಟಿದರೆ ಅದಕ್ಕೆ ಹಬ್ಬ. ಬೇಲಿ ಕಂಬ ಮಣ್ಣಿನ ಮಟ್ಟದಲ್ಲೇ ಮುರಿಯುವುದು ಇದೇ ಕಾರಣಕ್ಕೆ. ಆಳದಲ್ಲಿ ತೇವ ಇದ್ದರೂ ಗಾಳಿ ಸಾಲದು, ಮೇಲೆ ಗಾಳಿ ಇದ್ದರೂ ಬಿಸಿಲಿಗೆ ಒಣಗುತ್ತದೆ, ನಡುವಿನ ಒಂದು ಗೇಣಿನಲ್ಲಿ ಎರಡೂ ಸಿಗುತ್ತವೆ. ಕೆರೆಯ ತಳದಲ್ಲಿ ಪೂರ್ತಿ ಮುಳುಗಿದ ಮರ ತುಂಬಾ ಕಾಲ ಉಳಿಯುವುದಕ್ಕೂ ಗಾಳಿಯ ಕೊರತೆಯೇ ಕಾರಣ.

ಗೆದ್ದಲು (ಕರಾವಳಿಯವರ ಒರಲೆ) ಮಣ್ಣಿನಿಂದ ಸುರಂಗ ಕಟ್ಟಿಕೊಂಡು ಬರುತ್ತದೆ. ಕುಟ್ಟೆ ಹುಳುವಿಗೆ ಒಣಮರವೂ ಸಾಕು. ಅದು ಹುಡುಕುವುದು ಬಿಳಿ ಭಾಗದಲ್ಲಿರುವ ಪಿಷ್ಟ. ಕಪಾಟಿನ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಅದು ಕುಟ್ಟೆ. ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು. ಮರ ಕಂದಾಗಿ ಚೌಕ ಚೌಕವಾಗಿ ಬಿರಿದು ಉಗುರಿಗೆ ಪುಡಿಯಾದರೆ ಶಿಲೀಂಧ್ರ. ಈ ಮೂರನ್ನು ಬೇರೆ ಮಾಡಿ ನೋಡದೆ ಮದ್ದು ಕೊಳ್ಳಬೇಡಿ.

ತೇವ ಅಳೆಯಲು ಮೀಟರ್ ಇಲ್ಲದಿದ್ದರೆ ಅದೇ ಹಲಗೆಯ ನಡುವಿನಿಂದ ಒಂದು ತುಂಡು ಕೊಯ್ದು ತೂಗಿ. ಓವನ್‌ನಲ್ಲಿ ಸುಮಾರು 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 130 ಗ್ರಾಂ ಇದ್ದದ್ದು 104ಕ್ಕೆ ನಿಂತರೆ ಹೋದ ನೀರು 26 ಗ್ರಾಂ. ಒಣ ತೂಕಕ್ಕೆ ಹೋಲಿಸಿದರೆ ಅದು 25%. ಲೆಕ್ಕ ಯಾವಾಗಲೂ ಒಣ ತೂಕದ ಮೇಲೆ.

ಮದ್ದೇ ಬೇಡವೆನ್ನುವ ಆಯ್ಕೆ

ತೇಗ, ಹೊನ್ನೆ, ಹಲಸು, ಕಿರಾಲುಬೋಗಿಗಳ ಕೆಚ್ಚಿನಲ್ಲಿ ಮರವೇ ತುಂಬಿಕೊಂಡ ರಕ್ಷಣೆಯ ಸಾರ ಇರುತ್ತದೆ. ಇಂಥ ಕೆಚ್ಚಿಗೆ ಹೊರಗಿನಿಂದ ಮದ್ದು ಇಳಿಸುವುದೂ ಕಷ್ಟ. ಆದ್ದರಿಂದ ಒಳ್ಳೆಯ ಕೆಚ್ಚು ಸಿಕ್ಕರೆ ಬಿಳಿಯನ್ನು ಕೆತ್ತಿಸಿ ತೆಗೆಸುವುದಕ್ಕೆ ಖರ್ಚು ಮಾಡಿ. ಭಾರತೀಯ ಮಾನಕದಲ್ಲಿ ಮರಗಳ ಬಾಳಿಕೆಯನ್ನು 5×5×60 ಸೆಂ.ಮೀ. ಗೂಟಗಳನ್ನು ಮಣ್ಣಿನಲ್ಲಿ ನೆಟ್ಟು ಅಳೆಯುತ್ತಾರೆ. 120 ತಿಂಗಳು ಅಥವಾ ಹೆಚ್ಚು ನಿಂತದ್ದು ಮೊದಲ ದರ್ಜೆ, 60ರಿಂದ 120 ಎರಡನೆಯದು, 60ಕ್ಕಿಂತ ಕಡಿಮೆ ಮೂರನೆಯದು.

ಒಂದು ಎಚ್ಚರಿಕೆ. ಈ ದರ್ಜೆ ಕೆಚ್ಚಿಗೆ ಮಾತ್ರ. ತೇಗದ ಬಿಳಿ ಭಾಗ ಮಾವಿನ ಮರದಷ್ಟೇ ಬೇಗ ಹೋಗುತ್ತದೆ. ಇಂದು ಸಾ ಮಿಲ್ಲಿಗೆ ಬರುವ ಎಳೆಯ ನೆಡುತೋಪಿನ ತೇಗದಲ್ಲಿ ಬಿಳಿಯೇ ಬಹಳ. "ತೇಗ ಅಲ್ಲವೇ, ಏನೂ ಆಗುವುದಿಲ್ಲ" ಎಂದು ಬಿಳಿ ಸಮೇತ ಚೌಕಟ್ಟು ಕೂರಿಸಿ ಆಮೇಲೆ ಕೊರಗುವವರು ಬಹಳ. ಸಿಲ್ವರ್ ಓಕ್, ರಬ್ಬರ್, ಮಾವು, ಹೆಬ್ಬೇವುಗಳಿಗೆ ಮದ್ದು ಬೇಕೇ ಬೇಕು. ಒಳ್ಳೆಯ ಸಂಗತಿ ಎಂದರೆ ಅವು ಮದ್ದನ್ನು ಸುಲಭವಾಗಿ ಹೀರುತ್ತವೆ.

ಹಚ್ಚುವುದು, ನೆನೆಹಾಕುವುದು, ಒತ್ತಡದಲ್ಲಿ ತುಂಬುವುದು

ಯಾವ ಮದ್ದು ಎನ್ನುವುದಕ್ಕಿಂತ ಇದು ದೊಡ್ಡ ನಿರ್ಧಾರ. ಒಂದು ಲೆಕ್ಕ ಹಾಕೋಣ. 10 ಸೆಂ.ಮೀ. ದಪ್ಪದ, 2 ಮೀಟರ್ ಉದ್ದದ ದುಂಡು ಕಂಬದ ಗಾತ್ರ ಸುಮಾರು 0.0157 ಘನ ಮೀಟರ್. ಮಣ್ಣಿನಲ್ಲಿ ನಿಲ್ಲುವ ಮರಕ್ಕೆ ಅಮೆರಿಕದ ಮಾನಕ ಬಹುಕಾಲ ಕೇಳುತ್ತಿದ್ದುದು ಘನ ಮೀಟರಿಗೆ 6.4 ಕೆ.ಜಿ. ತಾಮ್ರ-ಕ್ರೋಮ್-ಆರ್ಸೆನಿಕ್ ಮಿಶ್ರಣದ ಮದ್ದು. ಅಂದರೆ ಈ ಒಂದು ಕಂಬಕ್ಕೆ 100 ಗ್ರಾಂ. 4% ದ್ರಾವಣವಾದರೆ ಎರಡೂವರೆ ಲೀಟರ್ ಒಳಗೆ ಹೋಗಬೇಕು. ಬ್ರಷ್‌ನಲ್ಲಿ ಹಚ್ಚಿದರೆ ಏನಾಗುತ್ತದೆ? ಕಂಬದ ಮೈ ಸುಮಾರು 0.63 ಚದರ ಮೀಟರ್. ಲೀಟರಿಗೆ ನಾಲ್ಕೈದು ಚದರ ಮೀಟರ್ ಅಂದುಕೊಂಡರೆ ಮೂರು ಸಲ ಬಳಿದರೂ ಅರ್ಧ ಲೀಟರ್ ಮುಟ್ಟುವುದಿಲ್ಲ. ಮರ ಸೇರಿದ್ದು 20 ಗ್ರಾಂಗಿಂತ ಕಡಿಮೆ, ಅದೂ ಮೇಲಿನ ಒಂದೆರಡು ಮಿಲಿಮೀಟರ್‌ನಲ್ಲಿ. ಮೊದಲ ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೂಡಲೇ ಮದ್ದಿಲ್ಲದ ಒಳಮೈ ತೆರೆದುಕೊಳ್ಳುತ್ತದೆ. ಹಾಗಾಗಿ ಬ್ರಷ್ ಸೂರಿನೊಳಗಿನ ಮರಕ್ಕೆ, ಕೊಯ್ದ ತುದಿಗಳಿಗೆ ಸರಿ. ಮಣ್ಣಿಗೆ ಹೋಗುವ ಕಂಬಕ್ಕೆ ಅದು ಸಮಾಧಾನ ಮಾತ್ರ.

ಒತ್ತಡದ ವಿಧಾನದಲ್ಲಿ ಒಣಗಿದ ಮರವನ್ನು ಉಕ್ಕಿನ ಸಿಲಿಂಡರಿನಲ್ಲಿಟ್ಟು, ಕಡಿಮೆಯೆಂದರೆ 56 ಸೆಂ.ಮೀ. ಪಾದರಸದಷ್ಟು ನಿರ್ವಾತವನ್ನು ಅರ್ಧ ಗಂಟೆ ಹಿಡಿದು, ದ್ರಾವಣ ತುಂಬಿಸಿ, ಚದರ ಸೆಂ.ಮೀ.ಗೆ 3.5ರಿಂದ 12.5 ಕೆ.ಜಿ. ಒತ್ತಡ ಕೊಡುತ್ತಾರೆ. ಮರ ಹಸಿಯಾಗಿದ್ದರೆ ಇಲ್ಲಿ ಕೆಲಸ ಕೆಡುತ್ತದೆ. ಮದ್ದಿಗೆ ಜಾಗವನ್ನು ಆಗಲೇ ನೀರು ಹಿಡಿದುಕೊಂಡಿರುತ್ತದೆ. ತೇವ 25-30% ಒಳಗಿರಲಿ.

ಘಟಕ ದೂರವಿದ್ದರೆ ಡ್ರಮ್ಮಿನ ಬಿಸಿ-ತಣ್ಣನೆ ವಿಧಾನವಿದೆ. ಒಣಗಿದ ಮರವನ್ನು ದ್ರಾವಣದಲ್ಲಿ ಮುಳುಗಿಸಿ ಸುಮಾರು 90 ಡಿಗ್ರಿಗೆ ಕಾಯಿಸಿ, ಎರಡು ಮೂರು ಗಂಟೆ ಹಿಡಿದು, ಬೆಂಕಿ ತೆಗೆದು ಹಾಗೇ ರಾತ್ರಿಯಿಡೀ ಆರಲು ಬಿಡುವುದು. ಬಿಸಿಗೆ ಮರದೊಳಗಿನ ಗಾಳಿ ಉಬ್ಬಿ ಗುಳ್ಳೆಯಾಗಿ ಹೊರಬರುತ್ತದೆ. ಆರುವಾಗ ಉಳಿದ ಗಾಳಿ ಕುಗ್ಗಿ ದ್ರಾವಣವನ್ನು ಒಳಗೆಳೆಯುತ್ತದೆ. ಬಿಸಿಯಾಗಿರುವಾಗಲೇ ಮರ ಹೊರತೆಗೆದರೆ ಇಡೀ ಶ್ರಮ ವ್ಯರ್ಥ, ಏಕೆಂದರೆ ಹೀರುವಿಕೆ ನಡೆಯುವುದು ಆರುವ ಹೊತ್ತಿನಲ್ಲಿ. ಇದು ಮುಂದೆ ಹೇಳುವ ಬೋರಾನ್ ಮದ್ದಿಗೆ ಚೆನ್ನ. ಕ್ರೋಮ್ ಇರುವ ಲವಣಗಳನ್ನು ಹೀಗೆ ಕಾಯಿಸಬಾರದು. ಮರ ಸೇರುವ ಮೊದಲೇ ಒಡೆದು ತಳದಲ್ಲಿ ಕೂರುತ್ತವೆ.

ಬೋರಾನ್: ಸೂರಿನಡಿಯ ಮರಕ್ಕೆ ನಮ್ಮ ಮೊದಲ ಆಯ್ಕೆ

ಬೋರಿಕ್ ಆಸಿಡ್ (ಕೇರಂ ಬೋರ್ಡಿನ ಪುಡಿ ಇದೇ) ಒಂದು ಪಾಲು, ಬೋರಾಕ್ಸ್ ಅಂದರೆ ಬಿಳಿಗಾರ ಒಂದೂವರೆ ಪಾಲು. 100 ಲೀಟರ್ ನೀರಿಗೆ 2 ಕೆ.ಜಿ. ಮತ್ತು 3 ಕೆ.ಜಿ. ಹಾಕಿದರೆ ಸುಮಾರು 5% ದ್ರಾವಣ. ಎರಡನ್ನೂ ಒಟ್ಟಿಗೆ ಹಾಕಿದರೆ ಬೇರೆ ಬೇರೆಯಾಗಿ ಹಾಕಿದ್ದಕ್ಕಿಂತ ಹೆಚ್ಚು ಕರಗುತ್ತವೆ, ಬೆಚ್ಚಗಿನ ನೀರು ಇರಲಿ. ಬಣ್ಣವಿಲ್ಲ, ವಾಸನೆಯಿಲ್ಲ, ಮೇಲೆ ಪಾಲಿಶ್ ಕೂರುತ್ತದೆ. ಶಿಲೀಂಧ್ರ, ಕುಟ್ಟೆ ಎರಡನ್ನೂ ತಡೆಯುತ್ತದೆ, ಗೆದ್ದಲಿಗೂ ಹಿಡಿಸುವುದಿಲ್ಲ. ಬೆಂಕಿಯ ವಿಷಯದಲ್ಲೂ ಒಂದಿಷ್ಟು ನೆರವಾಗುತ್ತದೆ.

ಇದಕ್ಕೊಂದು ಅಪರೂಪದ ಗುಣವಿದೆ: ಹಸಿಮರದಲ್ಲೂ ಹರಡುತ್ತದೆ. ಆಗತಾನೆ ಕೊಯ್ದ ಹಲಗೆಯನ್ನು 10% ಬೆಚ್ಚಗಿನ ದ್ರಾವಣದಲ್ಲಿ ಅದ್ದಿ, ಒತ್ತಾಗಿ ಪೇರಿಸಿ ಟಾರ್ಪಾಲಿನಲ್ಲಿ ಗಾಳಿಯಾಡದಂತೆ ಸುತ್ತಿಟ್ಟರೆ, ಮರದ ಸ್ವಂತ ನೀರಿನಲ್ಲೇ ಬೋರಾನ್ ಒಳಗೊಳಗೆ ಇಳಿಯುತ್ತದೆ. ಒಂದು ಇಂಚಿನ ಹಲಗೆಗೆ ಸುಮಾರು ನಾಲ್ಕು ವಾರ ಕೊಡಿ, ಎರಡಿಂಚಿಗೆ ಅದರ ಎರಡು ಪಟ್ಟಾದರೂ. ನಡುವೆ ಸುತ್ತಿದ್ದು ಬಿಚ್ಚಿ ಹೊರಮೈ ಒಣಗಿದರೆ ಹರಡುವಿಕೆ ಅಲ್ಲಿಗೇ ನಿಂತಿತು. ರಬ್ಬರ್ ಮರವನ್ನು ಮಾತ್ರ ಕೊಯ್ದ ದಿನವೇ ಮದ್ದಿಗೆ ಹಾಕಬೇಕು. ಕೆಲವೇ ದಿನಗಳಲ್ಲಿ ನೀಲಿ ಕಲೆ ಹಿಡಿದು ಕುಟ್ಟೆ ಸೇರುತ್ತದೆ.

ದೋಷ ಒಂದೇ, ಆದರೆ ದೊಡ್ಡದು: ಮಳೆಗೆ ತೊಳೆದು ಹೋಗುತ್ತದೆ. ಬೇಲಿ ಕಂಬಕ್ಕೆ, ಮುಂಗಾರಿಗೆ ತೆರೆದ ಡೆಕ್‌ಗೆ ಬೋರಾನ್ ಒಂದನ್ನೇ ನೆಚ್ಚಬೇಡಿ. ಉಳಿದ ದ್ರಾವಣವನ್ನು ಅಡಿಕೆ ಬುಡಕ್ಕೋ ತರಕಾರಿ ಮಡಿಗೋ ಸುರಿಯಬೇಡಿ. ಚೂರು ಬೋರಾನ್ ಗಿಡಕ್ಕೆ ಪೋಷಕ, ಹೆಚ್ಚಾದರೆ ಎಲೆಯಂಚು ಸುಟ್ಟು ಗಿಡವೇ ಸೊರಗುತ್ತದೆ. ಕೈಗವಸು ಹಾಕಿ, ಪುಡಿ ಮೂಗಿಗೆ ಹೋಗದಂತೆ ನೋಡಿ, ಮಕ್ಕಳಿಂದಲೂ ದನಕರುಗಳಿಂದಲೂ ದೂರವಿಡಿ.

ಮದ್ದು ನಿಜವಾಗಿ ಇಳಿದಿದೆಯೇ ಎಂದು ನೋಡಲು ಅರಿಶಿನದ ಪರೀಕ್ಷೆ ಇದೆ. ಹಲಗೆಯನ್ನು ನಡುವೆ ಕೊಯ್ದು, 10 ಗ್ರಾಂ ಅರಿಶಿನವನ್ನು 90 ಗ್ರಾಂ ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿದ ದ್ರಾವಣವನ್ನು ಕೊಯ್ದ ಮೈಗೆ ಹಚ್ಚುತ್ತಾರೆ. ಅದು ಒಣಗಿದ ಮೇಲೆ ಸ್ಯಾಲಿಸಿಲಿಕ್ ಆಸಿಡ್ ಕರಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಆಲ್ಕೋಹಾಲು ದ್ರಾವಣ. ಬೋರಾನ್ ಇರುವಷ್ಟು ಜಾಗ ಕೆಂಪಾಗುತ್ತದೆ, ಇಲ್ಲದ ಕಡೆ ಹಳದಿಯೇ ಉಳಿಯುತ್ತದೆ. ಆಮ್ಲ ಬಿಟ್ಟು ಬರೀ ಅರಿಶಿನ ಹಚ್ಚಿದರೆ ಮೋಸವಾಗುತ್ತದೆ: ಅರಿಶಿನ ಸುಣ್ಣ ಸೇರಿ ಕುಂಕುಮವಾಗುವ ಹಾಗೆ ಯಾವ ಕ್ಷಾರಕ್ಕೂ ಅದು ಕೆಂಪೇರುತ್ತದೆ. ಆಮ್ಲದಲ್ಲೂ ಕೆಂಪು ನಿಂತರೆ ಅದು ಬೋರಾನ್. ಎರಡನೆಯ ದ್ರಾವಣ ಪ್ರಯೋಗಾಲಯದವರ ಕೈಯಲ್ಲೇ ಆಗಲಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ದೊಡ್ಡ ಪ್ರಮಾಣದ ಕೆಲಸಕ್ಕೆ ಇಳಿಯುವ ಮೊದಲು ಅಲ್ಲಿ ವಿಚಾರಿಸಿ.

ತಾಮ್ರದ ಲವಣಗಳು: ಮಣ್ಣಿಗೂ ಮಳೆಗೂ

ತಾಮ್ರ, ಕ್ರೋಮ್, ಆರ್ಸೆನಿಕ್ ಮೂರರ ಮಿಶ್ರಣ ಲೋಕಕ್ಕೆ ಸಿಕ್ಕಿದ್ದು ಭಾರತದಿಂದ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಇದನ್ನು ರೂಪಿಸಿದರು. ಇದಕ್ಕಿಟ್ಟ ಆಸ್ಕು ಎಂಬ ಹೆಸರು ಆರ್ಸೆನಿಕ್ ಮತ್ತು ತಾಮ್ರದ ರಾಸಾಯನಿಕ ಚಿಹ್ನೆಗಳಿಂದ (As, Cu) ಬಂದದ್ದು. ತಾಮ್ರ ಶಿಲೀಂಧ್ರವನ್ನೂ ಆರ್ಸೆನಿಕ್ ಗೆದ್ದಲನ್ನೂ ನೋಡಿಕೊಳ್ಳುತ್ತವೆ. ಕ್ರೋಮ್ ಇವೆರಡನ್ನೂ ಮರದ ನಾರಿಗೆ ಕಚ್ಚಿಸುತ್ತದೆ, ಮಳೆಗೂ ಸುಲಭಕ್ಕೆ ತೊಳೆಯದು. ಬಾಳಿಕೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೂ ಮನೆಯ ಡೆಕ್, ಮಕ್ಕಳ ಆಟದ ಜಾಗ, ದನದ ಗೋದಲಿಗೆ ಇದು ಬೇಡ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ನಿಲ್ಲಿಸಿದರು.

ಆರ್ಸೆನಿಕ್ ಜಾಗದಲ್ಲಿ ಬೋರಿಕ್ ಆಸಿಡ್ ಹಾಕಿದ್ದು ತಾಮ್ರ-ಕ್ರೋಮ್-ಬೋರಾನ್. ಮೈಲುತುತ್ತ 3, ಡೈಕ್ರೋಮೇಟ್ (ಕ್ರೋಮಿನ ಲವಣ) 4, ಬೋರಿಕ್ ಆಸಿಡ್ 1.5 ಪಾಲು. ಇದರಲ್ಲೂ ಬೋರಾನ್ ನಿಧಾನವಾಗಿ ಹೊರಹೋಗುತ್ತದೆ, ತಾಮ್ರ ಉಳಿಯುತ್ತದೆ. ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತುವಾದ್ದರಿಂದ ಅಂಗಳದಲ್ಲಿ ಕಲಸುವ ಕೆಲಸವಲ್ಲ. ಮದ್ದು ತುಂಬಿದ ಮರವನ್ನೇ ಘಟಕದಿಂದ ತನ್ನಿ. ತಂದ ಮರ ನೆರಳಿನಲ್ಲಿ ಎರಡು ಮೂರು ವಾರ ಕಳೆದು ಮದ್ದು ಕಚ್ಚಿಕೊಂಡಿರಬೇಕು. ಒದ್ದೆ ಹಸಿರು ನೀರು ಇನ್ನೂ ಇಳಿಯುತ್ತಿದ್ದರೆ ಅದನ್ನು ಒಪ್ಪಬೇಡಿ.

ಕ್ರೋಮ್ ಇಲ್ಲದ ಹೊಸ ತಾಮ್ರದ ಮದ್ದುಗಳಲ್ಲಿ ತಾಮ್ರ ಹೆಚ್ಚು, ಅದು ಕಬ್ಬಿಣವನ್ನು ತಿನ್ನುತ್ತದೆ. ತೋಟದವರಿಗೆ ಇದು ಹೊಸದಲ್ಲ. ಬೋರ್ಡೊ (ಮೈಲುತುತ್ತ, ಸುಣ್ಣ ಕಲಸಿದ ಸಿಂಪಡಣೆಯ ಮದ್ದು) ಕಲಸಲು ಕಬ್ಬಿಣದ ಡ್ರಮ್ ಯಾರೂ ಬಳಸುವುದಿಲ್ಲ. ಇಂಥ ಮರಕ್ಕೆ ಸ್ಟೇನ್‌ಲೆಸ್ ಅಥವಾ ಬಿಸಿ ಸತುವಿನಲ್ಲಿ ಅದ್ದಿದ ಮೊಳೆ ಹಾಕಿ. ಸಾದಾ ಮೊಳೆ ಹಾಕಿದರೆ ಮರ ಗಟ್ಟಿಯಾಗಿಯೇ ಇರುತ್ತದೆ, ಮೊಳೆ ಸವೆದು ಹಲಗೆ ಸಡಿಲಾಗುತ್ತದೆ.

ಎಣ್ಣೆಗಳು

ಕಲ್ಲಿದ್ದಲ ಡಾಂಬರಿನಿಂದ ತೆಗೆಯುವ ಕ್ರಿಯೋಸೋಟ್ ರೈಲಿನ ಮರದ ಸ್ಲೀಪರುಗಳನ್ನು ಕಾಪಾಡಿದ ಮದ್ದು. ವಾಸನೆ, ಕಪ್ಪು, ಚರ್ಮಕ್ಕೆ ಉರಿ, ಮೇಲೆ ಬಣ್ಣ ಹಿಡಿಯದು; ಮನೆಗೆ ಬೇಡ.

ಗೇರೆಣ್ಣೆಯ ಕಥೆ ಬೇರೆ. ಗೇರುಬೀಜದ ಸಿಪ್ಪೆಯಿಂದ ಬರುವ ಈ ಎಣ್ಣೆಯನ್ನು ಕರಾವಳಿಯಲ್ಲಿ ದೋಣಿಗೂ ಮಾಡಿನ ಪಕಾಸಿಗೂ ಹಚ್ಚುತ್ತ ಬಂದಿದ್ದಾರೆ. ಗಾಳಿಗೆ ಗಟ್ಟಿಯಾಗಿ ನೀರು ತಡೆಯುವ ಕಪ್ಪು ಪೊರೆಯಾಗುತ್ತದೆ, ಹುಳುಗಳಿಗೆ ಹಿಡಿಸುವುದಿಲ್ಲ. ಮೇಲ್ಮೈಯ ರಕ್ಷಣೆಯಾಗಿ ಅದು ಒಳ್ಳೆಯದು, ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಹಸಿ ಎಣ್ಣೆ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಬೇಕು. ಬೆಂಕಿಯ ಲೆಕ್ಕದಲ್ಲಿ ಇದು ಇಂಧನ ಎಂಬುದನ್ನೂ ಮರೆಯಬಾರದು.

ಸುಟ್ಟ ಎಂಜಿನ್ ಆಯಿಲ್ ಹಚ್ಚುವುದನ್ನು ದಯವಿಟ್ಟು ಬಿಡಿ. ಒಳಗಿಳಿಯುವುದಿಲ್ಲ, ಮಣ್ಣು ಮತ್ತು ಬಾವಿ ನೀರು ಕೆಡುತ್ತದೆ. ಕಂಬದ ಬುಡವನ್ನು ಸುಟ್ಟು ಕರಿ ಮಾಡಿ ನೆಡುವ ರೂಢಿಯೂ ನಂಬುವಷ್ಟು ಕೆಲಸ ಮಾಡುವುದಿಲ್ಲ. ಇದ್ದಿಲಿನ ಪದರ ಬಿರಿಯುತ್ತದೆ, ಬಿರುಕಿನ ಹಿಂದೆ ಮರ ಮೊದಲಿನಂತೆಯೇ ಇರುತ್ತದೆ.

ಅಗಸೆ ಎಣ್ಣೆ ಬಳಸುವವರು ಒಂದು ಮಾತು ಕೇಳಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಬೆಂಕಿ: ಇಲ್ಲಿ ಲೆಕ್ಕ ಬೇರೆ

ಹೊತ್ತಿದ ಮರ ಇದ್ದಿಲಾಗುತ್ತ ನಿಮಿಷಕ್ಕೆ ಸುಮಾರು 0.5ರಿಂದ 0.8 ಮಿ.ಮೀ. ಒಳಕ್ಕೆ ಸವೆಯುತ್ತದೆ, ಗಟ್ಟಿಮರದಲ್ಲಿ ನಿಧಾನ. ಅರ್ಧ ಗಂಟೆಗೆ ಒಂದೊಂದು ಮಗ್ಗುಲಿಂದ 2 ಸೆಂ.ಮೀ. ಎನ್ನಿ. 15×20 ಸೆಂ.ಮೀ.ನ ತೊಲೆಗೆ ಮೂರು ಕಡೆಯಿಂದ ಬೆಂಕಿ ತಗುಲಿದರೂ ಒಳಗೆ 11×18 ಗಟ್ಟಿಯಾಗಿ ಉಳಿಯುತ್ತದೆ. ಅದೇ ಒಂದಿಂಚಿನ ರೀಪು ಅಷ್ಟು ಹೊತ್ತಿಗೆ ಇಲ್ಲವೇ ಇಲ್ಲ. ಅಂದರೆ ಹಳೆಮನೆಯ ದಪ್ಪ ತೊಲೆಗೆ ಬೆಂಕಿಮದ್ದು ಹುಡುಕುವ ಮೊದಲು ಅಟ್ಟದ ರೀಪು, ತೆಳು ಹಲಗೆಯ ಗೋಡೆಹೊದಿಕೆ, ಸೀಲಿಂಗ್ ಪ್ಲೈವುಡ್ ನೋಡಿ. ಬೆಂಕಿ ಓಡುವುದು ಅವುಗಳ ಮೇಲೆ.

ಆಯ್ಕೆ ಎರಡು. ಒಂದು, ಒಳಗೆ ತುಂಬುವ ಲವಣಗಳು: ಅಮೋನಿಯಂ ಫಾಸ್ಫೇಟ್, ಅಮೋನಿಯಂ ಸಲ್ಫೇಟ್, ಬೋರಾನ್. ಫಾಸ್ಫೇಟ್ ಇದ್ದರೆ ಮರ ಕಡಿಮೆ ಬಿಸಿಯಲ್ಲೇ ಇದ್ದಿಲಾಗುತ್ತದೆ. ಉರಿಯುವ ಅನಿಲ ಕಡಿಮೆ ಬರುವುದರಿಂದ ಜ್ವಾಲೆ ಹಬ್ಬುವುದಿಲ್ಲ. ಆದರೆ ಪ್ರಮಾಣ ನೋಡಿ: ಕೊಳೆ ತಡೆಯಲು ಘನ ಮೀಟರಿಗೆ ನಾಲ್ಕಾರು ಕೆ.ಜಿ. ಸಾಕಾದರೆ ಬೆಂಕಿ ತಡೆಯಲು 30ರಿಂದ 80 ಕೆ.ಜಿ. ಬೇಕು. ಬ್ರಷ್‌ನಲ್ಲಿ ಇದು ಆಗದ ಮಾತು. ಗೊಬ್ಬರದ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಕರಗಿಸಿ ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ರಾಸಾಯನಿಕ ಅದೇ ಹೌದು, ಆದರೆ ಗೊಬ್ಬರದಲ್ಲಿ ಕರಗದ ಕಲ್ಮಶ ಇರುತ್ತದೆ, ಹಚ್ಚಿದಷ್ಟರಿಂದ ಪ್ರಮಾಣವೂ ಮುಟ್ಟುವುದಿಲ್ಲ.

ಅಮೋನಿಯಂ ಲವಣಗಳ ಇನ್ನೊಂದು ಕೆಟ್ಟ ಗುಣ ಮಲೆನಾಡಿಗೆ ಮುಖ್ಯ. ಜಡಿಮಳೆಯ ತಿಂಗಳುಗಳಲ್ಲಿ ಗಾಳಿಯಿಂದಲೇ ನೀರು ಹೀರಿ ಮರ ಬೆವರುತ್ತದೆ, ಒಣಗಿದಾಗ ಬಿಳಿ ಪುಡಿ ಏಳುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಬೆಂಕಿಗೆಂದು ಹಾಕಿದ ಮದ್ದು ಲಡ್ಡಿಗೆ ದಾರಿ ಮಾಡಿಕೊಟ್ಟಂತೆ. ಬಯಲುಸೀಮೆಯ ತಗಡಿನ ಮಾಡಿನಡಿ ಬೇರೆ ತೊಂದರೆ. ಅಮೆರಿಕದ ಪೂರ್ವ ಭಾಗದಲ್ಲಿ 1980ರ ದಶಕದಲ್ಲಿ ಬೆಂಕಿಮದ್ದು ತುಂಬಿದ ಪ್ಲೈವುಡ್ಡನ್ನು ಮಾಡಿಗೆ ಹಾಕಿದ್ದರು. ಬಿಸಿಲಿನ ಕಾವಿಗೆ ಲವಣ ಆಮ್ಲವಾಗಿ ಮರದ ನಾರನ್ನೇ ತಿಂದು, ಹಲಗೆಗಳು ಕೆಲವೇ ವರ್ಷಗಳಲ್ಲಿ ಕಂದಾಗಿ ಪೆಡಸಾದವು. ಹೆಚ್ಚು ಬಿಸಿ, ಹೆಚ್ಚು ತೇವದ ಬಳಕೆಗೆ ಪರೀಕ್ಷೆಯಾದ ಮಾಲೇ ಎಂದು ಕೇಳಿ ಕೊಳ್ಳಿ.

ಎರಡು, ಉಬ್ಬುವ ಲೇಪ. ಸುಮಾರು 200 ಡಿಗ್ರಿ ದಾಟಿದಾಗ ಇದು ಉಬ್ಬಿ ದಪ್ಪನೆಯ ಇದ್ದಿಲ ನೊರೆಯಾಗಿ ಮರಕ್ಕೆ ಕಂಬಳಿ ಹೊದಿಸುತ್ತದೆ. ಈಗಾಗಲೇ ಕಟ್ಟಿದ ಮನೆಗೆ ನಾವು ಹೇಳುವುದು ಇದನ್ನೇ. ಕೆಲಸ ಮಾಡುವುದು ಪೊರೆಯ ದಪ್ಪ. ತಯಾರಕರು ಚದರ ಮೀಟರಿಗೆ ಇಷ್ಟು ಗ್ರಾಂ ಎಂದದ್ದನ್ನು ಅಳೆದು ಮುಗಿಸಬೇಕು. ಹತ್ತು ಚದರ ಮೀಟರಿನ ಡಬ್ಬಿಯಲ್ಲಿ ಇಪ್ಪತ್ತು ಮುಗಿಸಿದ ಪೇಂಟರು ಉಳಿಸಿದ್ದು ದುಡ್ಡಲ್ಲ. ಹಳೆಯ ಎನಾಮೆಲ್ ಮೇಲೆ ಹಚ್ಚಿದರೆ ಬಿಸಿಗೆ ಕೆಳಪದರ ಕಳಚಿ ಲೇಪವೂ ಬೀಳುತ್ತದೆ. ಬರೀ ಮರದವರೆಗೆ ಉಜ್ಜಿ. ಬಹುತೇಕ ಲೇಪಗಳು ಒಳಾಂಗಣಕ್ಕೆ ಮಾತ್ರ. ಒಲೆಯ ಹಿಂದಿನ ಹಲಗೆ, ದೀಪ ಉರಿಯುವ ದೇವರಕೋಣೆಯ ಮಂಟಪ, ವೈರು ಹಾದ ಸೀಲಿಂಗ್ ಮೊದಲು ಆಗಲಿ.

ಪ್ಲೈವುಡ್ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗಿರುವ ಸಂಖ್ಯೆ ಓದಿ. 710 ಮೆರೈನ್ ಪ್ಲೈವುಡ್, 5539 ಕೊಳೆ-ಹುಳು ಮದ್ದು ತುಂಬಿದ್ದು, 5509 ಬೆಂಕಿ ತಡೆಯುವುದು. "ವಾಟರ್‌ಪ್ರೂಫ್" ಎಂಬ ಮಾತು ಅಂಟಿನ ಬಗ್ಗೆ ಹೇಳುತ್ತದೆ. ಬೆಂಕಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಲ್ಲಿಗೆ ಏನು

ಬಾಗಿಲ ಚೌಕಟ್ಟಿಗೆ: ಬಿಳಿ ತೆಗೆಸಿ, ಬುಡದ ಎರಡು ಗೇಣನ್ನು ಬೋರಾನ್ ದ್ರಾವಣದಲ್ಲಿ ಒಂದು ರಾತ್ರಿ ನಿಲ್ಲಿಸಿ. ನಾರಿನ ತುದಿ ನೀರನ್ನು ಎಲ್ಲಕ್ಕಿಂತ ಬೇಗ ಹೀರುವುದರಿಂದ ಮದ್ದೂ ಅಲ್ಲಿಂದಲೇ ಏರುತ್ತದೆ. ಒಣಗಿಸಿ, ಗೋಡೆಗೆ ತಾಗುವ ಮೈಗೆ ಪ್ರೈಮರ್ ಕೊಟ್ಟು, ಬುಡವನ್ನು ಗ್ರಾನೈಟ್ ತುಂಡಿನ ಮೇಲೆ ಕೂರಿಸಿ. ಕಾಂಕ್ರೀಟಿನಲ್ಲಿ ಹೂತರೆ ಅದು ನೀರಿನ ಬಟ್ಟಲಾಗುತ್ತದೆ.

ಮಾಡಿನ ಪಕಾಸಿ, ರೀಪಿಗೆ: ಬಿಸಿ-ತಣ್ಣನೆ ವಿಧಾನದ ಬೋರಾನ್. ಒಡೆದ ಹೆಂಚನ್ನು ಮಳೆಗಾಲಕ್ಕೆ ಮೊದಲೇ ಬದಲಿಸಿ, ಇಲ್ಲವಾದರೆ ಸೋರಿದ ಜಾಗದಲ್ಲಿ ಮದ್ದು ತೊಳೆದು ಹೋಗುತ್ತದೆ.

ಬೇಲಿ ಕಂಬ, ಪರ್ಗೋಲಾ ಕಾಲುಗಳಿಗೆ: ಒತ್ತಡದಲ್ಲಿ ತುಂಬಿದ ತಾಮ್ರದ ಮದ್ದು, ಇಲ್ಲವೇ ಒಳ್ಳೆಯ ಕೆಚ್ಚು. ಎರಡೂ ಸಿಗದಿದ್ದರೆ ಕಲ್ಲಿನ ಕಂಬವೇ ವಾಸಿ. ಗೆದ್ದಲಿನ ಊರಾದರೆ ಮಣ್ಣಿಗೆ ಕೊಡುವ ಉಪಚಾರ ಪ್ರತ್ಯೇಕ ಕೆಲಸ. ಮರದ ಮದ್ದು ಅದರ ಬದಲಿಯಲ್ಲ. ಮದ್ದು ತುಂಬಿದ ಕಂಬದ ಒಂದು ತಲೆಯನ್ನು ಕೊಯ್ಯಲೇಬೇಕಾದರೆ ಕೊಯ್ದ ತುದಿಯನ್ನು ಮೇಲೆ ಮಾಡಿ ನೆಡಿ. ತೂತು ಕೊರೆದಲ್ಲಿ, ಕೊಯ್ದಲ್ಲಿ ಮದ್ದಿಲ್ಲದ ಒಳಮರ ತೆರೆದಿರುತ್ತದೆ. ಹಾಗಾಗಿ ಕೊಯ್ತ, ತೂತು, ಅಳತೆಯೆಲ್ಲ ಮದ್ದಿಗೆ ಹೋಗುವ ಮೊದಲೇ ಮುಗಿದಿರಲಿ. ಆಮೇಲೆ ಆದ ಪ್ರತಿ ಗಾಯಕ್ಕೂ ಎರಡು ಸಲ ಮದ್ದು ಹಚ್ಚಿ.

ಹಸಿರು ಛಾಯೆಯ ಆ ತುಂಡುಗಳನ್ನು ಮಾತ್ರ ಬಚ್ಚಲ ಒಲೆಗೆ ಹಾಕಬೇಡಿ. ಆರ್ಸೆನಿಕ್ ಇರುವ ಮರ ಸುಟ್ಟರೆ ವಿಷ ಹೊಗೆಯಲ್ಲೂ ಹೋಗುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿ ಪಾತ್ರೆ ತಿಕ್ಕಲಿಕ್ಕೂ ಹೋಗಬಾರದು, ತೆಂಗಿನ ಬುಡಕ್ಕೂ ಹೋಗಬಾರದು. ಗರಗಸದ ಹೊಟ್ಟನ್ನೂ ಟಾರ್ಪಾಲಿನ ಮೇಲೆ ಹಿಡಿದು, ಚೀಲಕ್ಕೆ ಕಟ್ಟಿ, ಮದ್ದು ತುಂಬಿದ ಘಟಕದವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮರ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.